ಸ್ನೇಹಲತಾ ಟೀಚರ ಡಾಡ್ಜ್ ಎಂಜಿನ್

ಮಂಗಳೂರಿನಲ್ಲಿ ಕಾರು ಓಡಿಸುವ ನಡುವಯಸ್ಸಿನ ಹೆಂಗಸರನ್ನು ನಿಲ್ಲಿಸಿ, ಕಲಿಸಿದ್ದು ಯಾರು ಎಂದು ಕೇಳಿದರೆ ಹಲವರ ಬಾಯಲ್ಲಿ ಸ್ನೇಹಲತಾ ಟೀಚರ ಹೆಸರು ಬರುತ್ತದೆ. ಪಂಪ್‌ವೆಲ್‌ನಲ್ಲಿ ಮೇಲ್ಸೇತುವೆ ಏಳುವ ಮೊದಲು, ಟಯರ್ ಅಂಗಡಿಯೊಂದರ ಮಹಡಿಯ ಮೇಲೆ ಅವರ ಡ್ರೈವಿಂಗ್ ಸ್ಕೂಲ್ ಇತ್ತು. ಹೆಂಗಸರಿಗೆ ಮಾತ್ರ. ಆಸ್ಪತ್ರೆಯ ನರ್ಸುಗಳು, ಶಾಲೆಯ ಟೀಚರುಗಳು, ಗಂಡ ಗಲ್ಫಿನಲ್ಲಿದ್ದು ಮನೆಯ ಕಾರು ಅಂಗಳದಲ್ಲೇ ತುಕ್ಕು ಹಿಡಿಯುತ್ತಿದ್ದವರು, ಹೀಗೆ ಎಲ್ಲ ಬಗೆಯವರೂ ಬರುತ್ತಿದ್ದರು. ಮೊದಲ ದಿನ ಟೀಚರ್ ಯಾರನ್ನೂ ಸ್ಟೇರಿಂಗ್ ಹಿಂದೆ ಕೂರಿಸುತ್ತಿರಲಿಲ್ಲ. ಬಾನೆಟ್ ಎತ್ತಿ ಒಂದೊಂದನ್ನೇ ತೋರಿಸುತ್ತಿದ್ದರು. ಹೊಟ್ಟೆಯೊಳಗೆ ಎಂತ ಉಂಟು ಅಂತ ತಿಳಿಯದೆ ಯಾರ ಕಿವಿಯನ್ನೂ ಹಿಂಡಬಾರದು ಎನ್ನುವುದು ಅವರ ಮಾತು.

ಅವರಿಗೆ ಈ ವಿದ್ಯೆ ಬಂದದ್ದು ತಂದೆಯ ಶೆಡ್ಡಿನಿಂದ. ತಂದೆಗೆ ಬೆಳ್ತಂಗಡಿ ದಾರಿಯಲ್ಲಿ ಎರಡು ಬಸ್ಸುಗಳಿದ್ದವು. ಅವರು ಗೇರುಬೀಜದ ವ್ಯಾಪಾರಿಯೊಬ್ಬರಿಂದ ಹಳೆಯದೊಂದು ಅಮೆರಿಕನ್ ಕಾರು ಕೊಂಡಿದ್ದರು. ಐವತ್ತೈದರ ಡಾಡ್ಜ್, ಕೆನೆ ಬಣ್ಣದ್ದು, ದೋಣಿಯ ಹಾಗೆ ಉದ್ದ. ಬಂಟರ ಮನೆಯ ಹುಡುಗಿಯೊಬ್ಬಳು ಹದಿನಾರನೇ ವಯಸ್ಸಿಗೆ ಆ ಕಾರನ್ನು ಮರೋಳಿಯ ಏರಿನಲ್ಲಿ ಹತ್ತಿಸಿದ್ದನ್ನು ನೋಡಿದವರು ಈಗಲೂ ಇದ್ದಾರೆ. ಮುಂದೆ ಮದುವೆಯಾಗಿ, ಮಗಳು ಅಪೇಕ್ಷಾ ಮೂರನೇ ಕ್ಲಾಸಿನಲ್ಲಿರುವಾಗ ಗಂಡ ಚಿತ್ತರಂಜನ ಎದೆನೋವಿನಿಂದ ಹೋಗಿಬಿಟ್ಟರು. ಆಗ ಸ್ನೇಹಲತಾ ತವರಿನ ಡಾಡ್ಜನ್ನು ಮದುವೆಗಳಿಗೆ ಬಾಡಿಗೆಗೆ ಬಿಡತೊಡಗಿದರು. ಓಡಿಸುವವರೂ ಅವರೇ. ಮೊದಮೊದಲು ದಿಬ್ಬಣದವರು ಹಿಂದೆಮುಂದೆ ನೋಡಿದರು. ಆಮೇಲೆ, ಆ ಹೆಂಗಸು ಓಡಿಸುವ ಕಾರೇ ಆಗಬೇಕು ಎಂದು ಕೇಳಿಕೊಂಡು ಬಂದರು. ಡ್ರೈವಿಂಗ್ ಸ್ಕೂಲ್ ಹುಟ್ಟಿದ್ದು ಆ ದುಡಿಮೆಯಿಂದ. ಹಾಗಾಗಿ ಟೀಚರಿಗೆ ಆ ಕಾರು ಹಳೆಯ ಕಾಲದ ಚಂದದ ವಸ್ತುವಾಗಿರಲಿಲ್ಲ. ಕಷ್ಟಕ್ಕೆ ಕೈ ಹಿಡಿದ ಮನುಷ್ಯರ ಸಾಲಿನಲ್ಲಿ ಅದೂ ಒಂದು.

ಸ್ಕೂಲಿಗೆ ಸಣ್ಣ ಕಾರುಗಳು ಬಂದ ಮೇಲೆ ಡಾಡ್ಜ್ ಮರೋಳಿಯ ಮನೆಯ ಶೆಡ್ಡು ಸೇರಿತು. ಒಂದು ಮಳೆಗಾಲ ಹೆಂಚು ಸೋರಿ ಎಂಜಿನ್ನಿಗೆ ನೀರಿಳಿಯಿತು. ಒಳಗೆ ಎರಡು ಪಿಸ್ಟನ್‌ಗಳು ಕಚ್ಚಿ ಕೂತವು. ಮೇಲ್ಸೇತುವೆಯ ಕೆಲಸ ವರ್ಷಗಟ್ಟಲೆ ಎಳೆದು, ಕಲಿಯುವವರು ಪಂಪ್‌ವೆಲ್‌ಗೆ ಬರಲು ಹೆದರಿ, ಕೊನೆಗೆ ತಮಗೆ ಅರುವತ್ತಾಗುವ ಹೊತ್ತಿಗೆ ಟೀಚರ್ ಸ್ಕೂಲ್ ಮುಚ್ಚಿದರು. ಮುಚ್ಚಿದ ವಾರವೇ ಶೆಡ್ಡಿನ ಬಾಗಿಲು ತೆಗೆಸಿದರು. ಎಂಜಿನ್ ಪೂರ್ತಿ ಬಿಚ್ಚಿ ಹೊಸದಾಗಿ ಕಟ್ಟಿಸಬೇಕು, ಇನ್ನೊಮ್ಮೆ ಆ ಕಾರಿನಲ್ಲಿ ಬೆಳ್ತಂಗಡಿಯವರೆಗೆ ಹೋಗಿಬರಬೇಕು ಎನ್ನುವುದು ಅವರ ಆಸೆ.

ಇದನ್ನು ಅವರು ಹೇಳಿದ್ದು ಆಂಬ್ರೋಸ್‌ಗೆ. ಪಂಪ್‌ವೆಲ್‌ನ ಹಿಂದಿನ ಓಣಿಯಲ್ಲಿ ಆಂಬ್ರೋಸ್‌ರ ಲೇತ್ ಅಂಗಡಿ. ಸ್ಕೂಲಿನ ಕಾರುಗಳ ಬ್ರೇಕ್ ಡ್ರಮ್ ಕಡೆದುಕೊಡುತ್ತಿದ್ದವರು ಅವರೇ. ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಕ್ರೈಸ್ತ ಗಂಡಸರನ್ನು ತುಳುವರು ಕರೆಯುವ ಹಾಗೆ ಟೀಚರ್ ಅವರನ್ನು ಪೊರ್ಬುಗಳೇ ಎನ್ನುತ್ತಿದ್ದರು. ಅವರು ಟೀಚರನ್ನು ಸ್ನೇಹಲತಕ್ಕ ಎನ್ನುತ್ತಿದ್ದರು, ವಯಸ್ಸಿನಲ್ಲಿ ತಾವೇ ಎರಡು ವರ್ಷ ದೊಡ್ಡವರಾಗಿದ್ದರೂ.

ಸರಪಳಿಯಲ್ಲಿ ಎಂಜಿನ್ ಎತ್ತಿ, ಪಿಕಪ್‌ನಲ್ಲಿ ಆಂಬ್ರೋಸ್‌ರ ಅಂಗಡಿಗೆ ಸಾಗಿಸಿದರು. ಕಚ್ಚಿದ ಪಿಸ್ಟನ್‌ಗಳ ಮೇಲೆ ಸೀಮೆಎಣ್ಣೆ, ಬ್ರೇಕ್ ಆಯಿಲ್ ಬೆರೆಸಿ ಹೊಯ್ದು, ತಾನಾಗಿ ಸಡಿಲವಾಗುವವರೆಗೆ ಕಾಯುವುದು ಎಂದು ಇಬ್ಬರೂ ಮಾತಾಡಿಕೊಂಡರು. ಅವಸರ ಮಾಡಿದರೆ ಹಳೆಯ ಬೀಡು ಕಬ್ಬಿಣ ಕೇಳುವುದಿಲ್ಲ. ಕಾಯುವಷ್ಟು ಕಾಲ ಉಳಿದದ್ದನ್ನೆಲ್ಲ ಗೊತ್ತುಮಾಡಿಡುವುದು.

ಹಾಗೆ ಆ ಸಂಜೆಗಳು ಶುರುವಾದವು. ಅಂಗಡಿ ಮುಚ್ಚಿ, ಕೈಯ ಗ್ರೀಸ್ ತೊಳೆದು, ಆಂಬ್ರೋಸ್ ಮರೋಳಿಯ ಮನೆಗೆ ಬರುತ್ತಿದ್ದರು. ಜಗಲಿಯಲ್ಲಿ ಕಾಫಿ. ಸಿಲಿಂಡರ್ ಎಷ್ಟು ಕೊರೆಯಬೇಕು, ಅದಕ್ಕೆ ಯಾವ ಅಳತೆಯ ಪಿಸ್ಟನ್, ಮುಂಬೈಯಲ್ಲಿ ಯಾರ ಬಳಿ ಕೇಳಬೇಕು, ಕ್ರ್ಯಾಂಕ್ ಉಜ್ಜಿಸಬೇಕೆ, ಸಿಲಿಂಡರುಗಳಿರುವ ಕಬ್ಬಿಣದ ಬ್ಲಾಕಿನೊಳಗೆ ನೀರು ಹಂಚುವ ಉದ್ದನೆಯ ತಗಡಿನ ಕೊಳವೆ ತುಕ್ಕು ಹಿಡಿದಿದೆಯಲ್ಲ, ಅದನ್ನು ಎಲ್ಲಿಂದ ತರುವುದು. ಕೆಲವೊಮ್ಮೆ ಜಗಳವೂ ಆಗುತ್ತಿತ್ತು. ಆರು ವೋಲ್ಟಿನ ಬ್ಯಾಟರಿ ಬಿಟ್ಟು ಹನ್ನೆರಡಕ್ಕೆ ಹೋಗೋಣ ಎಂದು ಆಂಬ್ರೋಸ್, ಅಪ್ಪ ಇಟ್ಟ ಹಾಗೇ ಇರಲಿ ಎಂದು ಟೀಚರ್. ಒಂದು ವಾರ ಆ ವಿಷಯದಲ್ಲಿ ಇಬ್ಬರೂ ಮುಖ ಊದಿಸಿಕೊಂಡಿದ್ದರು. ಕೊನೆಗೆ ಆಂಬ್ರೋಸ್ ಸೋತರು. ಸೋತದ್ದಕ್ಕೆ ಅವರೇ ಕಲ್ಲಂಗಡಿ ಹಣ್ಣು ತಂದು ಕೊಟ್ಟರು.

ನೆರೆಯವರು ಒಂದೆರಡು ಮಾತಾಡಿದ್ದುಂಟು. ಟೀಚರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಸಂಜೆಯಾಗುತ್ತಲೇ ಮುಖ ತೊಳೆದು, ಒಗೆದು ಮಡಚಿಟ್ಟ ಹತ್ತಿ ಸೀರೆ ಉಟ್ಟು, ಗೇಟಿನ ಸದ್ದಿಗೆ ಕಾಯುವುದು ತನಗೆ ಅಭ್ಯಾಸವಾಗಿಬಿಟ್ಟಿದೆ ಎನ್ನುವುದು ಅವರಿಗೆ ಗೊತ್ತಿತ್ತು. ಅದಕ್ಕೊಂದು ಹೆಸರು ಕೊಡುವ ಅಗತ್ಯ ಅವರಿಗೆ ಕಾಣಲಿಲ್ಲ.

ಬ್ಲಾಕ್ ಹೇಗಿದೆ ಎಂದು ಕೇಳಿದಾಗಲೆಲ್ಲ ಆಂಬ್ರೋಸ್, ಎಣ್ಣೆಯಲ್ಲಿ ಮುಳುಗಿದೆ, ಈಗ ಮುಟ್ಟುವುದು ಬೇಡ ಎನ್ನುತ್ತಿದ್ದರು. ನೋಡಲು ಬರುತ್ತೇನೆ ಎಂದರೆ, ಓಣಿಯಲ್ಲಿ ಚರಂಡಿಗೆ ಅಗೆದುಹಾಕಿದ್ದಾರೆ, ನೀವು ಜಾರಿ ಬೀಳುವುದು ಬೇಡ ಎಂದರು. ಅಗೆದದ್ದು ನಿಜವೇ ಆಗಿತ್ತು. ಆಮೇಲೆ ಸಿಲಿಂಡರ್ ಕೊರೆಯುವ ಮೆಷಿನ್ನಿನ ಮೋಟಾರು ಸುಟ್ಟಿತು. ಆಮೇಲೆ ಆಂಬ್ರೋಸ್‌ರ ಕಣ್ಣಿನ ಆಪರೇಶನ್. ಪ್ರತಿಯೊಂದು ಕಾರಣವೂ ನಂಬುವಂಥದ್ದೇ. ಹೀಗೆ ಒಂದು ಮಳೆಗಾಲ ದಾಟಿತು, ಇನ್ನೊಂದೂ ದಾಟಿತು.

ಅಪೇಕ್ಷಾ ಅಷ್ಟು ಹೊತ್ತಿಗೆ ಫಿಸಿಯೋಥೆರಪಿ ಕಲಿತು ಆಸ್ಪತ್ರೆಯಲ್ಲಿ ಕೆಲಸ ಮಾಡಿ, ಸ್ವಂತದ್ದೊಂದು ಕ್ಲಿನಿಕ್ ಇಡುವ ಯೋಚನೆಯಲ್ಲಿದ್ದಳು. ರಸ್ತೆಗೆ ತಾಗಿಯೇ ಇದ್ದ ಆ ಶೆಡ್ಡಿನ ಜಾಗ ಅದಕ್ಕೆ ಹೇಳಿ ಮಾಡಿಸಿದಂತಿತ್ತು. ಕಾರು ಓಡುವುದಾದರೆ ಬೇರೆ ಕಡೆ ನಿಲ್ಲಿಸಬಹುದು, ಓಡುವುದೇ ಇಲ್ಲವಾದರೆ ಅದನ್ನು ಯಾರಾದರೂ ಆಸಕ್ತಿ ಇದ್ದವರಿಗೆ ಕೊಟ್ಟುಬಿಡಬಹುದು ಎನ್ನುವುದು ಅವಳ ವಾದ. ತಾಯಿಗೆ ಹೇಳಿ ಹೇಳಿ ಸಾಕಾಗಿ, ಒಂದು ಭಾನುವಾರ ಊಟಕ್ಕೆ ಬಂದಿದ್ದ ಆಂಬ್ರೋಸ್‌ರನ್ನೇ ಕೇಳಿದಳು.

"ಅಂಕಲ್, ಈ ಎಂಜಿನ್ ಆಗುವುದುಂಟಾ, ಇಲ್ವಾ? ನನಗೆ ನೇರ ಹೇಳಿ. ನಾನು ಬೇಜಾರು ಮಾಡುವುದಿಲ್ಲ."

ಆಂಬ್ರೋಸ್ ತಟ್ಟೆಯಿಂದ ತಲೆ ಎತ್ತಿ ಅವಳ ಮುಖ ನೋಡಿಯೇ ಹೇಳಿದರು. "ಬ್ಲಾಕ್ ನನ್ನ ಹತ್ರ ಭದ್ರ ಉಂಟು ಮಗಾ. ಆಗ್ತದೆ."

ಅಪೇಕ್ಷಾಗೆ ಸಮಾಧಾನವಾಗಲಿಲ್ಲ. ಅವರು ಹೋದ ಮೇಲೆ ತಾಯಿಗೆ, ಈ ಮನುಷ್ಯ ನಿನ್ನನ್ನು ಸತಾಯಿಸುತ್ತಿದ್ದಾರೆ ಎಂದಳು. ಟೀಚರಿಗೆ ಸಿಟ್ಟು ಬಂತು. ನಲುವತ್ತು ವರ್ಷ ಕೈಯಲ್ಲಿ ದುಡಿದ ಮನುಷ್ಯನ ಮಾತನ್ನು ನಂಬದವಳು ನಾಳೆ ಯಾರನ್ನು ನಂಬುತ್ತೀ, ನಿನಗೆ ಬೇಕಾದದ್ದು ಜಾಗ ಮಾತ್ರ ಎಂದುಬಿಟ್ಟರು. ಮಾತಿಗೆ ಮಾತು ಬೆಳೆಯಿತು. ಆ ತಿಂಗಳೇ ಅಪೇಕ್ಷಾ ಬಿಜೈಯಲ್ಲಿ ಒಂದು ಬಾಡಿಗೆ ಕಟ್ಟಡದ ಕೆಳಗೆ ಕ್ಲಿನಿಕ್, ಮೇಲೆ ವಾಸ ಎಂದು ಹೊರಟಳು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದಳು. ಊಟ ಆಯ್ತಾ, ಮಾತ್ರೆ ತೆಗೆದುಕೊಂಡೆಯಾ ಎನ್ನುವಷ್ಟರಲ್ಲಿ ಮಾತು ಮುಗಿಯುತ್ತಿತ್ತು.

ಮಗಳು ಹೋದ ಮೇಲೆ ಟೀಚರ್ ಎಂಜಿನ್ನಿನ ವಿಷಯವನ್ನು ಮೊದಲಿಗಿಂತ ಹೆಚ್ಚು ಹಚ್ಚಿಕೊಂಡರು. ಕೆಲಸ ಮುಗಿಸಿ ಕಾರನ್ನು ಬಿಜೈಯ ಕ್ಲಿನಿಕ್ಕಿನ ಎದುರು ನಿಲ್ಲಿಸಬೇಕು ಎಂದು ಮನಸ್ಸಿನಲ್ಲೇ ಅಂದುಕೊಂಡರು. ಆ ನೀರಿನ ಕೊಳವೆ ಮಾತ್ರ ಸಿಕ್ಕಿರಲಿಲ್ಲ. ಅದು ಎಲ್ಲೂ ಇಲ್ಲ ಎಂದು ಆಂಬ್ರೋಸ್ ಕೈಚೆಲ್ಲಿದ್ದರು. ತಾನೇ ಹುಡುಕಿ ಅವರ ಕೈಗಿಟ್ಟರೆ ಹೇಗೆ ಎಂದು ಟೀಚರಿಗೆ ಹೊಳೆಯಿತು. ಹಳೆಯ ಶಿಷ್ಯೆ ಮುಫೀದಾ ನೆನಪಾದಳು. ಅವಳ ಮಾವ ಉಸ್ಮಾನ್ ಬ್ಯಾರಿಯದು ಬಂದರಿನಲ್ಲಿ ಹಳೆ ಕಬ್ಬಿಣದ ಗೋಡೌನ್. ಮುಫೀದಾ ಟೀಚರ ಬಳಿ ಕಲಿತವಳು, ಈಗ ಗೋಡೌನಿನ ಪಿಕಪ್ಪನ್ನು ಅವಳೇ ಓಡಿಸುತ್ತಾಳೆ. ಫೋನ್ ಮಾಡಿದಾಗ, ಹಳೆ ಎಂಜಿನ್ನುಗಳ ರಾಶಿಯೇ ಉಂಟು ಟೀಚರ್, ಬಂದು ನೀವೇ ನೋಡಿ ಎಂದಳು.

ಟೀಚರ್ ಬೆಳಿಗ್ಗೆಯೇ ಹೋದರು. ಮೀನಿನ ಪೆಟ್ಟಿಗೆಗಳ ನೀರು ಹರಿಯುವ ರಸ್ತೆ, ಈರುಳ್ಳಿ ಇಳಿಸುವ ಲಾರಿಗಳು. ಗೋಡೌನಿನ ಬಾಗಿಲಲ್ಲಿ ಉಸ್ಮಾನ್ ಬ್ಯಾರಿ ಸೊಸೆಯ ಗುರುವಿಗೆ ಮರ್ಯಾದೆಯಿಂದ ಸಲಾಂ ಹೇಳಿ, ಒಳಗೆ ಕುರ್ಚಿ ಇಲ್ಲ, ಇಲ್ಲೇ ಕೂತುಕೊಳ್ಳಿ ಎಂದು ಗೋಡೆಗೆ ತಾಗಿದ್ದ ಒಂದು ಉದ್ದ ಕಬ್ಬಿಣದ ತುಂಡಿನ ಮೇಲೆ ಗೋಣಿಚೀಲ ಸರಿಮಾಡಿ ಹಾಸಿದರು. ಹೊರೆ ಇಳಿಸುವವರು ದಣಿವಾರಿಸಿಕೊಳ್ಳುವ ಜಾಗ ಅದು. ಟೀಚರ್ ಕೂತರು. ಮುಫೀದಾ ಶರಬತ್ತು ತರಲು ಹೋದಳು. ಉಸ್ಮಾನ್ ಬ್ಯಾರಿ ಮೀನಿನ ವ್ಯಾಪಾರ ಇಳಿದ ವಿಷಯ ಹೇಳುತ್ತಿದ್ದರು. ಟೀಚರ ಕೈ ಗೋಣಿಯ ಅಂಚಿನ ಕೆಳಗೆ ಹೋಯಿತು. ಬೆರಳಿಗೆ ಒಂದು ತೂತು ಸಿಕ್ಕಿತು, ಅದರ ಬದಿಯಲ್ಲಿ ವಾಲ್ವ್ ಕೂರುವ ದುಂಡಗಿನ ಅಂಚು.

ಅವರು ಎದ್ದು ಚೀಲ ಎಳೆದರು. ಸಾಲಾಗಿ ಆರು ಸಿಲಿಂಡರ್‌ಗಳು. ಮಧ್ಯದಿಂದ ಒಂದು ಬಿರುಕು ಹೊರಟು, ಕೆಟ್ಟ ವೆಲ್ಡಿಂಗಿನ ಗಂಟುಗಳ ನಡುವೆ ಹಾದು, ಪಕ್ಕದ ಗೋಡೆಯವರೆಗೂ ಸೀಳಿತ್ತು. ಬಾಗಿ ನೋಡಿದರೆ ಆ ಬದಿಯಲ್ಲಿ ಅಂಗೈಯಗಲದ ಹಿತ್ತಾಳೆ ತೇಪೆ. ಟೀಚರಿಗೆ ಹನ್ನೆರಡು ವರ್ಷವಾಗಿದ್ದಾಗ, ಚಾರ್ಮಾಡಿ ಘಾಟಿಯಲ್ಲಿ ನೀರಿಲ್ಲದೆ ಕಾದು ಸೀಳಿದ್ದ ಬ್ಲಾಕಿಗೆ ತಂದೆಯ ಮೆಕ್ಯಾನಿಕ್ ಗುರುವಪ್ಪ ಹಾಕಿದ ತೇಪೆ. ಅವನು ಬೆಸೆಯುವಾಗ ಲಾಟೀನು ಹಿಡಿದವರು ಅವರೇ.

ಇದು ಎಲ್ಲಿಯದು ಎಂದು ಕೇಳಿದರು. ಉಸ್ಮಾನ್ ಬ್ಯಾರಿಗೆ ಒಳಗಿನ ವಿಷಯವೇನೂ ಗೊತ್ತಿರಲಿಲ್ಲ. ಪಂಪ್‌ವೆಲ್‌ನ ಆಂಬ್ರೋಸ್ ಕೊಟ್ಟದ್ದು, ಆಚೆ ವರ್ಷ ದೀಪಾವಳಿ ಕಳೆದ ಮೇಲೆ ಬಂದದ್ದು ಎಂದರು. "ಇದನ್ನು ಕುಲುಮೆಗೆ ಕಳಿಸ್ಬೇಡಿ, ಇಲ್ಲೇ ಎಲ್ಲಾದ್ರೂ ಬಿದ್ದಿರ್ಲಿ ಅಂತ ಹೇಳಿದ್ರು. ಎಂತಕ್ಕೆ ಅಂತ ನಾನು ಕೇಳ್ಲಿಲ್ಲ."

ಆಚೆ ವರ್ಷದ ದೀಪಾವಳಿ. ಅಂದರೆ ಎಂಜಿನ್ ಸಾಗಿಸಿದ ಕೆಲವೇ ವಾರಗಳ ಮೇಲೆ. ಆರು ವೋಲ್ಟು, ಹನ್ನೆರಡು ವೋಲ್ಟು ಎಂದು ಜಗಳವಾಡಿದ್ದು ಆಮೇಲೆ. ಪಿಸ್ಟನ್ನಿನ ಅಳತೆ ಗೊತ್ತುಮಾಡಿದ್ದು ಆಮೇಲೆ. ಅಪೇಕ್ಷಾ ಕೇಳಿದ್ದೂ ಆಮೇಲೆಯೇ. ಟೀಚರ್ ಒಂದೊಂದನ್ನೇ ಮನಸ್ಸಿನಲ್ಲಿ ಇಟ್ಟು ನೋಡಿದರು. ಎಲ್ಲವೂ ಆಮೇಲೆ. ಮುಫೀದಾ ಶರಬತ್ತಿನ ಗ್ಲಾಸು ಹಿಡಿದು ನಿಂತವಳು ಅವರ ಮುಖ ನೋಡಿ ಅದನ್ನು ಬದಿಗಿಟ್ಟಳು. ತಾನೇ ಅವರನ್ನು ಪಿಕಪ್‌ನಲ್ಲಿ ಮರೋಳಿಗೆ ಬಿಟ್ಟುಬಂದಳು.

ಅಂದು ಸಂಜೆ ಆಂಬ್ರೋಸ್ ಎಂದಿನಂತೆ ಬಂದರು. ಟೀಚರ್ ಎಂದಿನಂತೆ ಕಾಫಿ ಕೊಟ್ಟರು. ಬ್ಲಾಕ್ ಹೇಗಿದೆ ಎಂದು ಕೇಳಿದರು. ಎಣ್ಣೆಯಲ್ಲಿದೆ, ಒಂದು ಪಿಸ್ಟನ್ ಸ್ವಲ್ಪ ಅಲುಗಿದ ಹಾಗೆ ಕಾಣುತ್ತದೆ ಎಂದರು ಆಂಬ್ರೋಸ್. ಆಮೇಲೆ ಪಿಸ್ಟನ್ನಿಗೆ ತೊಡಿಸುವ ರಿಂಗುಗಳ ಬಾಯಿ ಎಷ್ಟು ಬಿಡಬೇಕು ಎನ್ನುವುದನ್ನು ಬೆರಳಿನಲ್ಲಿ ತೋರಿಸುತ್ತ ವಿವರವಾಗಿ ಹೇಳಿದರು. ಟೀಚರ್ ನಡುವೆ ತಡೆಯಲಿಲ್ಲ. ಅವರು ಹೇಳಿ ಮುಗಿಸುವವರೆಗೆ ಅವರ ಮುಖವನ್ನೇ ನೋಡುತ್ತಿದ್ದರು. ಎಲ್ಲಾದರೂ ಒಂದು ಕಡೆ ಸುಳ್ಳಿನ ಗುರುತು ಕಾಣಬಹುದು ಎಂದುಕೊಂಡಿದ್ದರು. ಕಾಣಲಿಲ್ಲ. ಅದೇ ಮುಖ, ಅದೇ ಉತ್ಸಾಹ.

"ಪೊರ್ಬುಗಳೇ," ಎಂದರು ಕೊನೆಗೆ. "ಇವತ್ತು ಬೆಳಿಗ್ಗೆ ನಾನು ಬಂದರಿನಲ್ಲಿ ಆ ಬ್ಲಾಕಿನ ಮೇಲೆ ಕೂತು ಬಂದೆ."

ಆಂಬ್ರೋಸ್ ಲೋಟವನ್ನು ನೆಲಕ್ಕಿಟ್ಟರು. ಆಮೇಲೆ ನಡೆದದ್ದನ್ನು ಹೇಳಿದರು. ದೀಪಾವಳಿಗೆ ಪಿಸ್ಟನ್ ಬಿಡಿಸಿ ತೋರಿಸಿ ಟೀಚರನ್ನು ಸಂತೋಷಪಡಿಸಬೇಕು ಎಂದು ಆಸೆಯಾಯಿತಂತೆ. ಕಾಯಬೇಕು ಎಂದು ತಾವೇ ಒಪ್ಪಿದ್ದನ್ನು ಮರೆತು, ಒಬ್ಬರೇ ಇದ್ದಾಗ, ಪಿಸ್ಟನ್ ಒತ್ತಿ ತಳ್ಳಲು ಬ್ಲಾಕನ್ನು ಪ್ರೆಸ್ಸಿಗೆ ಕೊಟ್ಟರಂತೆ. ಟಪ್ ಎಂದು ಒಂದು ಸದ್ದು. ವಾಲ್ವಿನ ಅಂಚಿನಿಂದ ಕೂದಲೆಳೆಯಷ್ಟು ಬಿರುಕು. ಆಗಲೇ ಬಂದು ಹೇಳಿದ್ದರೆ ಸಣ್ಣ ಮೊಳೆಗಳನ್ನು ಕೂರಿಸಿ ಬಿರುಕು ಹೊಲಿಯುವವರು ಸಿಗುತ್ತಿದ್ದರೋ ಏನೋ. ಹೆದರಿ, ಗೊತ್ತಾಗದ ಹಾಗೆ ಮುಚ್ಚೋಣವೆಂದು ಸರಿಯಾಗಿ ಕಾಯಿಸದೆ ವೆಲ್ಡಿಂಗ್ ಮಾಡಿದರು. ಬ್ಲಾಕ್ ಪೂರ್ತಿ ಸೀಳಿತು.

"ಹೇಳ್ಬೇಕು ಅಂತಲೇ ಆ ದಿನ ಬಂದದ್ದು ಸ್ನೇಹಲತಕ್ಕ. ನೀವು ಮುಂಬೈಯಲ್ಲಿ ಪಿಸ್ಟನ್ ಉಂಟಂತೆ ಅಂತ ಅಷ್ಟು ಖುಷಿಯಲ್ಲಿ ಇದ್ರಿ. ನಾಳೆ ಹೇಳುವ ಅಂದ್ಕೊಂಡೆ. ಆಮೇಲೆ... ಹೇಳಿದ್ರೆ ನನಗೆ ಇಲ್ಲಿ ಬರ್ಲಿಕ್ಕೆ ಎಂತ ಕಾರಣ ಉಂಟು?"

ಟೀಚರಿಗೆ ಅಳು ಬರಲಿಲ್ಲ. ಕೂಗಾಡಬೇಕು ಅನಿಸಲೂ ಇಲ್ಲ.

"ಒಡೆದದ್ದಕ್ಕೆ ನನಗೆ ಸಿಟ್ಟಿಲ್ಲ," ಎಂದರು. "ಕಬ್ಬಿಣ ಒಡೀತದೆ. ನನ್ನ ಕೈಯಲ್ಲಾದ್ರೂ ಒಡೀತಿತ್ತು. ಆದ್ರೆ ನೀವು ನನ್ನ ಎದುರು ಕೂತು, ಇಲ್ಲದ ಎಂಜಿನ್ನಿನ ಬಗ್ಗೆ ನನ್ನ ಹತ್ರ ಜಗಳ ಮಾಡಿದ್ರಿ. ನಾನು ಗೆದ್ದೆ ಅಂತ ಹಣ್ಣು ತಂದ್ರಿ. ನನ್ನ ಮಗಳ ಮುಖ ನೋಡಿ ಭದ್ರ ಉಂಟು ಅಂದ್ರಿ. ನಿಮ್ಮ ಮಾತು ಕಟ್ಟಿಕೊಂಡು ನಾನು ಅವಳನ್ನು ಬೈದೆ."

ಆಂಬ್ರೋಸ್ ಬೇರೆ ಬ್ಲಾಕ್ ಹುಡುಕಿ ಕೊಡುತ್ತೇನೆ ಎಂದರು. ಬೇಡ ಎಂದರು ಟೀಚರ್. ಉಳಿದ ಸಾಮಾನು ತೆಗೆದುಕೊಂಡು ಹೋಗಲು ನಾಳೆ ಅಂಗಡಿಗೆ ಬರುತ್ತೇನೆ, ಇನ್ನು ನೀವು ಬರುವುದು ಬೇಡ ಎಂದು ಹೇಳಿ ಒಳಗೆ ಹೋದರು. ಗೇಟು ಮುಚ್ಚಿದ ಸದ್ದು ಕೇಳುವವರೆಗೆ ಅಡುಗೆಮನೆಯಲ್ಲಿ ಸುಮ್ಮನೆ ನಿಂತಿದ್ದರು.

ಮರುದಿನ ಮುಫೀದಾಳ ಪಿಕಪ್‌ನಲ್ಲಿ ಹೋದರು. ಅಂಗಡಿಯ ಹಿಂಬದಿಯ ಕಪಾಟಿನಲ್ಲಿ ಕ್ರ್ಯಾಂಕ್, ವಾಲ್ವುಗಳು, ಹೆಡ್ಡು, ಸಣ್ಣ ಬೋಲ್ಟುಗಳು ಕೂಡ, ಪ್ರತಿಯೊಂದನ್ನೂ ಗ್ರೀಸು ಹಚ್ಚಿ, ಹಳೆಯ ಬಿಳಿ ಬಟ್ಟೆಯಲ್ಲಿ ಮಗುವನ್ನು ಸುತ್ತಿದ ಹಾಗೆ ಸುತ್ತಿಡಲಾಗಿತ್ತು. ಒಂದಕ್ಕೂ ತುಕ್ಕಿನ ಚುಕ್ಕೆ ಇರಲಿಲ್ಲ. ಅದನ್ನು ನೋಡಿದ ಮೇಲೆ ಟೀಚರಿಗೆ ಮೊದಲ ಬಾರಿಗೆ ಕಣ್ಣು ತುಂಬಿತು. ಈ ಮನುಷ್ಯ ಮೋಸಗಾರನೇ ಆಗಿದ್ದರೆ ಸುಲಭವಿತ್ತು. ಆಂಬ್ರೋಸ್ ಹೊರಗೆ ಓಣಿಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದರು.

ಬಿಜೈಗೆ ಹೋಗಿ ಮಗಳಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಅಪೇಕ್ಷಾ ಪೂರ್ತಿ ಕೇಳಿದಳು. ನಾನು ಅವತ್ತೇ ಹೇಳಿದ್ದೆನಲ್ಲ ಎಂಬ ಮಾತು ಬರುತ್ತದೆ ಎಂದು ಟೀಚರ್ ತಲೆ ತಗ್ಗಿಸಿ ಕೂತಿದ್ದರು.

"ನನ್ನ ಮಾತು ಸುಳ್ಳಾಗಿದ್ರೇ ಒಳ್ಳೆಯದಿತ್ತು ಅಮ್ಮ," ಎಂದಳು ಅವಳು. ಊಟ ಬಡಿಸಿದಳು. ಆದರೆ ಮರೋಳಿಗೆ ವಾಪಸು ಬರುವ ಮಾತು ಎತ್ತಲಿಲ್ಲ. ಕ್ಲಿನಿಕ್ಕಿಗೆ ಜನ ಬರತೊಡಗಿದ್ದರು. ಅವಳ ಬದುಕು ಅಲ್ಲಿ ಬೇರು ಬಿಟ್ಟಾಗಿತ್ತು. ಟೀಚರೂ ಕರೆಯಲಿಲ್ಲ. ಯಾವ ಬಾಯಿಂದ ಕರೆಯುವುದು?

ಕೆಲವು ತಿಂಗಳ ಮೇಲೆ ಮುಫೀದಾಳೇ ಸುದ್ದಿ ತಂದಳು. ಕಾಸರಗೋಡಿನ ಕಡೆ ಒಂದು ರಬ್ಬರ್ ತೋಟದಲ್ಲಿ ಹಳೆಯ ಫಾರ್ಗೋ ಲಾರಿ ಬಿದ್ದಿದೆ, ಡಾಡ್ಜಿನ ವಂಶದ್ದೇ ಎಂಜಿನ್. ಟೀಚರ್ ಹೋಗಿ, ಟಾರ್ಚು ಹಾಕಿ ಒಂದೊಂದು ಸಿಲಿಂಡರನ್ನೂ ನೋಡಿ, ಬ್ಲಾಕ್ ತಂದರು. ಕೊರೆಯಲು ಯೆಯ್ಯಾಡಿಯ ಒಂದು ವರ್ಕ್‌ಶಾಪಿಗೆ ಒಯ್ದರು. ಬಿಟ್ಟು ಹೋಗಿ, ಎರಡು ದಿನದಲ್ಲಿ ಆಗುತ್ತದೆ ಎಂದರು ಅಲ್ಲಿಯವರು. ಟೀಚರ್ ಬಿಟ್ಟು ಹೋಗಲಿಲ್ಲ. ಎರಡೂ ದಿನ ಮೆಷಿನ್ನಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತರು. ಚಹಾ ಕುಡಿಯಲು ಕೂಡ ಏಳಲಿಲ್ಲ. ನಮ್ಮ ಮೇಲೆ ನಂಬಿಕೆ ಇಲ್ಲವೇ ಅಮ್ಮ ಎಂದು ಅಲ್ಲಿಯ ಮಾಲೀಕ ಹಿತೇಶ್ ಬೇಸರದಿಂದಲೇ ಕೇಳಿದ. ಅವನು ಒಳ್ಳೆಯ ಕೆಲಸಗಾರ, ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಟೀಚರ್ ಮೆಷಿನ್ನಿನಿಂದ ಕಣ್ಣು ತೆಗೆಯಲಿಲ್ಲ. ಗೇರ್ ಬದಲಿಸಲು ಬಾರದವರ ಕೈಗೆ ತನ್ನ ಕಾರು ಕೊಟ್ಟು, ಪಕ್ಕದ ಸೀಟಿನಲ್ಲಿ ನಿಶ್ಚಿಂತೆಯಿಂದ ಕೂತು ಬದುಕು ಸವೆಸಿದ ಹೆಂಗಸು ಅವರು. ಈಗ ಯಾರೋ ಗುರುತಿಲ್ಲದವನ ಕೈಯನ್ನು ದಿಟ್ಟಿಸುತ್ತ ಕೂರುವಂತಾಯಿತು. ಬ್ಲಾಕ್ ಹೋದದ್ದಕ್ಕಿಂತ ಇದು ಅವರನ್ನು ಹೆಚ್ಚು ನೋಯಿಸಿತು.

ಈಗ ಸಂಜೆ ಹೊತ್ತು ಅವರೊಬ್ಬರೇ ಶೆಡ್ಡಿನಲ್ಲಿ ಕೂತು ಮುಂದಿನ ಕೆಲಸ ಗೊತ್ತುಮಾಡುತ್ತಾರೆ. ಹಿಂದೆ ಜಗಲಿಯಲ್ಲಿ ಮಾತಾಡಿ ಇಟ್ಟದ್ದರಲ್ಲಿ ಹೆಚ್ಚಿನದು ಸರಿಯಾಗಿಯೇ ಇತ್ತು ಎಂಬುದು ಕೆಲಸ ಮಾಡುತ್ತ ಹೋದಂತೆ ತಿಳಿಯಿತು. ರಿಂಗುಗಳ ಬಾಯಿ ಆಂಬ್ರೋಸ್ ಬೆರಳಿನಲ್ಲಿ ತೋರಿಸಿದಷ್ಟೇ ಬಿಡಬೇಕಾಯಿತು. ಹಾಗೆ ಸರಿಹೋದಾಗಲೆಲ್ಲ ಅವರಿಗೆ ಇನ್ನಷ್ಟು ಸಂಕಟವಾಗುತ್ತದೆ.

ಆಂಬ್ರೋಸ್ ಅಂಗಡಿ ಮುಚ್ಚಿ, ಕಾಟಿಪಳ್ಳದಲ್ಲಿ ತಂಗಿಯ ಮಗನ ಮನೆಗೆ ಹೋದರು ಎಂದು ಕೇಳಿಬಂತು. ಕಳೆದ ಚಳಿಗಾಲದಲ್ಲಿ ಒಮ್ಮೆ, ಟೀಚರ್ ಗ್ಯಾಸ್ಕೆಟ್ ತರಲು ಹೊರಟು ಪಂಪ್‌ವೆಲ್‌ನ ಬಸ್ ಸ್ಟಾಪಿನಲ್ಲಿ ನಿಂತಿದ್ದಾಗ ಅವರು ಎದುರಾದರು. ತೆಳ್ಳಗಾಗಿದ್ದರು, ಕೈಯಲ್ಲಿ ಔಷಧಿಯ ಚೀಲ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಬ್ಲಾಕ್ ಸಿಕ್ಕಿತು ಅಂತ ಕೇಳಿದೆ," ಎಂದರು ಆಂಬ್ರೋಸ್. "ಎಷ್ಟು ಅಳತೆಗೆ ಕೊರೆಸಿದ್ರಿ?"

ಅಳತೆ ಟೀಚರ ನಾಲಿಗೆಯ ತುದಿಯಲ್ಲಿತ್ತು. ಮೂರನೇ ಸಿಲಿಂಡರಿನ ಗೋಡೆ ಒಂದು ಬದಿ ಸ್ವಲ್ಪ ತೆಳ್ಳಗೆ ಬಂದಿದೆ, ಅದನ್ನು ಹಾಗೇ ಬಿಡಬಹುದೇ ಎಂದು ಯಾರನ್ನಾದರೂ ಕೇಳಬೇಕೆಂದು ವಾರದಿಂದ ಅವರು ಒದ್ದಾಡುತ್ತಿದ್ದರು. ಇಡೀ ಊರಿನಲ್ಲಿ ಅದನ್ನು ಕೇಳಬಹುದಾದ ಮನುಷ್ಯ ಎದುರು ನಿಂತಿದ್ದ.

"ಆಗ್ತಾ ಉಂಟು," ಎಂದಷ್ಟೇ ಹೇಳಿದರು. ಬಸ್ಸು ಬಂತು. ಹತ್ತಿ ಕಿಟಕಿಯ ಬದಿಗೆ ಕೂತರು. ಆಂಬ್ರೋಸ್ ಚೀಲ ಹಿಡಿದುಕೊಂಡು ಅಲ್ಲೇ ನಿಂತಿದ್ದರು. ಟೀಚರ್ ಟಿಕೇಟು ತೆಗೆದುಕೊಂಡು, ಕಂಡಕ್ಟರ್ ಕೊಟ್ಟ ಚಿಲ್ಲರೆಯನ್ನು ಎಣಿಸದೆ ಪರ್ಸಿಗೆ ಹಾಕಿ, ಮೇಲ್ಸೇತುವೆ ದಾಟುವವರೆಗೂ ಮುಂದಿನ ಸೀಟಿನ ಕಂಬಿಯನ್ನು ಹಿಡಿದುಕೊಂಡೇ ಇದ್ದರು.